ಮಟ್ಟ ನೋಡುವುದು

ನಮ್ಮ ಮನೆಯ ಹಿತ್ತಲಲ್ಲಿ ಈಜುಕೊಳ ಇತ್ತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ! ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಅದು ನೆಲ ಅಗೆದು ಕಟ್ಟಿದ್ದಲ್ಲ, ನೆಲದ ಮೇಲೆ ಇಡುವಂಥದ್ದು. ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸಬೇಕು, ಅದಕ್ಕೆ ದಪ್ಪ ಪ್ಲಾಸ್ಟಿಕ್ಕಿನ ಚೀಲ ತೊಡಿಸಬೇಕು, ನೀರು ಬಿಡಬೇಕು. ಹತ್ತು ಅಡಿ ಅಗಲ, ಎರಡೂವರೆ ಅಡಿ ಎತ್ತರ. 2025ರ ಬೇಸಿಗೆ ರಜೆಗೆ ಮೊಮ್ಮಕ್ಕಳಿಬ್ಬರೂ ತುಮಕೂರಿಗೆ ಬರುವವರಿದ್ದರು. ಮಗ ಬೆಂಗಳೂರಿನಿಂದಲೇ ಅದನ್ನು ತರಿಸಿ ಕಳಿಸಿದ.

ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಯಾರೂ ಓದಲಿಲ್ಲ. ಶನಿವಾರ ಬಂದ ಮಗ ಹಿತ್ತಲು ನೋಡಿದ. ನಮ್ಮ ಹಿತ್ತಲು ದಕ್ಷಿಣದಿಂದ ಉತ್ತರಕ್ಕೆ ಇಳಿಜಾರು. ತಗ್ಗಿನ ಕಡೆಗೆ ಹತ್ತಾರು ಬಾಂಡ್ಲಿ ಮಣ್ಣು ಸುರಿದು, ಕಾಲಿನಿಂದ ತುಳಿದು, "ಸಮ ಆಯ್ತಲ್ಲಮ್ಮ" ಎಂದ. ಕಣ್ಣಿಗೆ ಆಗಿಯೇ ಇತ್ತು. ಬೋರಿನ ನೀರು ಬಿಟ್ಟೆವು. ಒಂದಡಿ ತುಂಬುವ ಹೊತ್ತಿಗೆ ಉತ್ತರದ ಎರಡು ಕಾಲು ಮಣ್ಣಿನೊಳಗೆ ಇಳಿದವು. ತಗ್ಗಿದ ಕಡೆಗೆ ನೀರು ವಾಲಿತು, ವಾಲಿದ್ದಕ್ಕೆ ಆ ಕಡೆ ಭಾರ ಹೆಚ್ಚಿತು, ಭಾರಕ್ಕೆ ಕಾಲು ಇನ್ನಷ್ಟು ಇಳಿಯಿತು. ನೋಡನೋಡುತ್ತಿದ್ದ ಹಾಗೆ ಚೀಲ ಮಗುಚಿ ನೀರೆಲ್ಲ ಕಾಂಪೌಂಡಿನ ಗೇಟಿನ ಕೆಳಗಿಂದ ಬೀದಿಗೆ ಹರಿದುಹೋಯಿತು.

ಆಮೇಲೆ ಲೆಕ್ಕ ಹಾಕಿದೆ. ಹಳೆಯ ಗಣಿತದ ಟೀಚರು, ಅಭ್ಯಾಸ ಬಿಡುವುದಿಲ್ಲ. ಬೀದಿಗೆ ಹೋದದ್ದು ಸುಮಾರು 2,200 ಲೀಟರು. ನಮ್ಮ ಪ್ಲಾಸ್ಟಿಕ್ ಬಿಂದಿಗೆ 15 ಲೀಟರಿನದು ಎಂದರೆ ಹತ್ತಿರ ಹತ್ತಿರ 150 ಬಿಂದಿಗೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಬೀದಿಯಲ್ಲಿ ಆ ವಾರ ನಲ್ಲಿ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಒದ್ದೆ ಬೀದಿಯನ್ನು ದಾಟಿಕೊಂಡೇ ಬಂದಳು. ಪಾತ್ರೆ ತೊಳೆಯುತ್ತಾ, ತಲೆ ಎತ್ತದೆ, "ಒಂದು ಮಾತು ಹೇಳಿ ಕಳ್ಸಿದ್ರೆ ಬಿಂದಿಗೆ ತರ್ತಿದ್ವಲ್ಲ ಅಕ್ಕ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು. ಹೋಗುವಾಗ ಅವಳ ಕೈಗೆ ಇನ್ನೂರು ರೂಪಾಯಿ ತುರುಕಿದೆ. ಯಾಕೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಮೇಸ್ತ್ರಿಯನ್ನು ಕರೆಸಿದೆವು. ನಮ್ಮ ಮನೆ ಕಟ್ಟಿದಾಗ ಗಾರೆ ಕೆಲಸ ಮಾಡಿದವರು, ಈಗ ಅರವತ್ತು ದಾಟಿದೆ. ಮಗ ತುಂಬಿದ ಮಣ್ಣಿನ ಮೇಲೆ ಒಮ್ಮೆ ಹಿಮ್ಮಡಿ ಊರಿ ನೋಡಿ ನಕ್ಕರು. "ಟೀಚರಮ್ಮ, ಉಬ್ಬು ಕಡೀಬೇಕು, ತಗ್ಗು ತುಂಬಬಾರ್ದು. ತುಂಬಿದ ಮಣ್ಣು ಕುಂತ್ಕಳ್ತದೆ."

"ತುಂಬಲೇಬೇಕು ಅಂದರೆ?"

"ನಾಲ್ಕು ನಾಲ್ಕು ಇಂಚು ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೀಬೇಕು. ಆಮೇಲೆ ಎರಡು ಮಳೆಗಾಲ ಬಿಡಬೇಕು. ನಿಮ್ಮ ಮೊಮ್ಮಕ್ಕಳು ಅಷ್ಟು ದಿನ ಕಾಯ್ತಾರಾ?"

ಜೇಬಿನಲ್ಲಿ ರಸಮಟ್ಟ ಇದ್ದರೂ ಅವರು ಮೊದಲು ತೆಗೆದದ್ದು ಒಂದು ಉದ್ದದ ಪ್ಲಾಸ್ಟಿಕ್ ಪೈಪು. ಒಳಗೆ ನೀರು ಕಾಣುವಂಥದ್ದು, ಬೆರಳಿನಷ್ಟು ದಪ್ಪ. ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ತಗ್ಗಿನ ಕಡೆ, ಅವರು ಉಬ್ಬಿನ ಕಡೆ. ಪೈಪು ನಡುವೆ ಹೇಗೆ ಬಿದ್ದಿದ್ದರೂ ಸರಿ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ನೀರಿನ ಗೆರೆಯಿಂದ ನೆಲದವರೆಗೆ ಅವರ ಕಡೆ ಅಳೆದರು, ನನ್ನ ಕಡೆ ಅಳೆದರು. ಏಳು ಇಂಚು ವ್ಯತ್ಯಾಸ! ಇಪ್ಪತ್ತೆರಡು ವರ್ಷ ಆ ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದೇನೆ, ಇಳಿಜಾರು ಎಂದು ಗೊತ್ತಿತ್ತು, ಏಳು ಇಂಚು ಎಂದು ಗೊತ್ತಿರಲಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ನಡುವೆ ಗೂಟ ಹೊಡೆದು ಹಗ್ಗ ಕಟ್ಟಿ, ಕೊಳಕ್ಕಿಂತ ಒಂದಡಿ ಹೆಚ್ಚಿಗೆ ಬಿಟ್ಟು ದುಂಡಗೆ ಗೆರೆ ಎಳೆದರು. ಗರಿಕೆಯನ್ನು ಬೇರು ಸಮೇತ ಕಿತ್ತರು. ಬಿಟ್ಟರೆ ಅದು ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಬರುತ್ತದಂತೆ. ಎಲ್ಲಕ್ಕಿಂತ ತಗ್ಗಾದ ಜಾಗವನ್ನೇ ಅಳತೆ ಎಂದು ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಮಟ್ಟಕ್ಕೆ ಕಡಿದರು. ಒಂದು ಉದ್ದನೆಯ ಹಲಗೆಯ ತುದಿಯನ್ನು ಗೂಟದ ಬುಡಕ್ಕಿಟ್ಟು, ಮೇಲೆ ರಸಮಟ್ಟ ಇಟ್ಟು, ಗಡಿಯಾರದ ಮುಳ್ಳಿನ ಹಾಗೆ ಸುತ್ತಿಸುತ್ತ ಹೋದರು. ಗುಳ್ಳೆ ಅತ್ತಿತ್ತ ಜಾರಿದ ಕಡೆ ಮತ್ತೆ ಸನಿಕೆ. ಒಂದೊಂದು ಕಾಲಿನ ಕೆಳಗೂ ಕಡಪ ಕಲ್ಲಿನ ತುಂಡನ್ನು ನೆಲದ ಸಮಕ್ಕೆ ಹೂತರು. ಕೊನೆಗೆ ಜರಡಿ ಹಿಡಿದ ಮರಳು ಒಂದಿಂಚು, ಅದರ ಮೇಲೆ ಟಾರ್ಪಾಲು. ಕೊಳ ತುಂಬಿದರೆ 4,500 ಲೀಟರು, ಅಂದರೆ ನಾಲ್ಕೂವರೆ ಟನ್ನು ಭಾರ. ಅಷ್ಟು ಭಾರ ಹೊರುವ ನೆಲದಲ್ಲಿ ಒಂದಿಂಚು ಸುಳ್ಳಿದ್ದರೂ ನೀರು ಅದನ್ನು ಹುಡುಕಿ ತೆಗೆಯುತ್ತದೆ.

ಆ ಕೆಲಸ ನೋಡುತ್ತಾ ನನಗೆ ಗುಬ್ಬಿ ತಾಲ್ಲೂಕಿನ ನನ್ನ ತೌರಿನ ಕಣ ನೆನಪಾಯಿತು. ರಾಗಿ ಕೊಯ್ಲಾದ ಮೇಲೆ ನೆಲ ಕೆತ್ತಿ, ನೀರು ಚಿಮುಕಿಸಿ, ತುಳಿದು, ಬಗ್ಗಡ ಬಳಿದು ಒಣಗಿಸಿದರೆ ಕನ್ನಡಿಯ ಹಾಗಿರುತ್ತಿತ್ತು. ರೋಣಗಲ್ಲು ಸುತ್ತಿ, ತೂರಿ, ರಾಶಿ ಮಾಡಿದ ಮೇಲೆ ಮನೆಗೆ ಒಂದು ಕಾಳೂ ಹೋಗುವ ಮೊದಲು ಅಗಸರಿಗೆ, ಹಜಾಮರಿಗೆ, ಕಮ್ಮಾರರಿಗೆ ಆಯ ಅಳೆದು ಕೊಡುತ್ತಿದ್ದರು. ಮನೆಗೆ ಒಯ್ದು, ಉಂಡು, ಉಳಿದದ್ದನ್ನು ಕೊಡುತ್ತಿದ್ದದ್ದಲ್ಲ, ರಾಶಿಯಿಂದಲೇ ತೆಗೆಯುತ್ತಿದ್ದದ್ದು. ಇದನ್ನು ಬಹಳ ವರ್ಷ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಹೇಳದೆ ಬಿಡುತ್ತಿದ್ದ ಮಾತು ಬೇರೆ ಇತ್ತು. ಹೊಲದಲ್ಲಿ ನಮಗಿಂತ ಹೆಚ್ಚು ದುಡಿದ ಕೆಲವರು ಆ ಕಣದೊಳಕ್ಕೆ ಕಾಲಿಡುವಂತಿರಲಿಲ್ಲ, ಅಂಚಿನಾಚೆ ನಿಂತು ಸೆರಗೊಡ್ಡುತ್ತಿದ್ದರು. ನೆಲವೇನೋ ಮಟ್ಟಸವಾಗಿತ್ತು.

ಮೇಸ್ತ್ರಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ನಾವು ಬದುಕಿನಲ್ಲಿ ಮಾಡುವುದೆಲ್ಲ ಮಗ ಮಾಡಿದ್ದನ್ನೇ ಅಲ್ಲವೆ? ತಗ್ಗು ಕಣ್ಣಿಗೆ ಚುಚ್ಚಿದಾಗ ಒಂದು ಬಾಂಡ್ಲಿ ಸಡಿಲ ಮಣ್ಣು ಸುರಿಯುತ್ತೇವೆ. ಹಳೇ ಸೀರೆ, ಹಬ್ಬದ ಉಳಿದ ಹೋಳಿಗೆ, ಇನ್ನೂರು ರೂಪಾಯಿ. ಕಣ್ಣಿಗೆ ಸಮ ಕಾಣುತ್ತದೆ. ನಾವು ನಿಂತ ಉಬ್ಬಿಗೆ ಸನಿಕೆ ತಾಗಿರುವುದಿಲ್ಲ. ಮೊದಲ ಭಾರ ಬಿದ್ದ ದಿನ ಎಲ್ಲ ಮತ್ತೆ ಅಲ್ಲಿಗೇ ಇಳಿಯುತ್ತದೆ.

ಆದರೆ ಉಬ್ಬನ್ನು ಕಡಿಯಬೇಕು ಎನ್ನುವಾಗ ನಾಲಗೆ ಸ್ವಲ್ಪ ಹಿಂಜರಿಯುತ್ತದೆ. ನಮ್ಮ ಭಾಷೆಯಲ್ಲಿ 'ಮಟ್ಟ ಹಾಕು' ಎಂಬ ಮಾತೂ ಇದೆ ನೋಡಿ. "ಸೊಸೆ ಬಹಳ ಮಾತಾಡ್ತಾಳೆ, ಮಟ್ಟ ಹಾಕಬೇಕು." ಹೆಣ್ಣುಮಕ್ಕಳು ತಲೆ ಎತ್ತಿದ್ದನ್ನೆಲ್ಲ ಉಬ್ಬು ಎಂದು ಕಡಿದವರೇ ಹೆಚ್ಚು. ಯಾವುದು ಉಬ್ಬು, ಯಾವುದು ತಗ್ಗು ಎಂದು ಹೇಳುವವರು ಯಾರು? ಮೇಸ್ತ್ರಿಯಾದರೆ ಪೈಪು ಹಿಡಿಯುತ್ತಾರೆ, ಎರಡು ತುದಿಯಲ್ಲಿ ಇಬ್ಬರು ನಿಂತು ನೋಡಬೇಕು. ಮನೆಗಳಲ್ಲಿ ಎರಡು ತುದಿಯನ್ನೂ ಒಬ್ಬರೇ ಹಿಡಿದುಕೊಂಡಿರುತ್ತಾರೆ.

ನನ್ನದೇ ಹೇಳುತ್ತೇನೆ. ನನ್ನ ಮದುವೆ 1986ರಲ್ಲಿ, ಕುಣಿಗಲ್ ಕಡೆಯ ಮನೆಗೆ. ಕರ್ನಾಟಕದಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ಕಾನೂನು ಜಾರಿಗೆ ಬಂತು. ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯಿಸಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಾಗ ಆ ಕಟ್ಟು ಹೋಯಿತು. ಮರುವರ್ಷವೇ ಅಣ್ಣ ಹಕ್ಕು ಬಿಡುಗಡೆಯ ಕಾಗದ ತಂದ. "ಸುಮ್ನೆ ಫಾರ್ಮಾಲಿಟಿ ಕಣಮ್ಮ" ಎಂದ. ಅಪ್ಪ ಇರಲಿಲ್ಲ, ಅಮ್ಮ ಅಡುಗೆ ಮನೆಯಲ್ಲಿದ್ದರು. ನಾನು ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ ಎನ್ನುವುದೂ ನಿಜ. ಅಂದಿನಿಂದ ಪ್ರತಿ ಗೌರಿ ಹಬ್ಬಕ್ಕೂ ಅಣ್ಣ ತಪ್ಪದೆ ಬಾಗಿನ ತರುತ್ತಾನೆ, ಒಳ್ಳೆಯ ಸೀರೆ ತರುತ್ತಾನೆ. ಅವನ ಪ್ರೀತಿ ಸುಳ್ಳಲ್ಲ. ತೌರಿನ ಸೀರೆ ಎಂದರೆ ಇಂದಿಗೂ ನನಗೆ ಕಣ್ಣು ತುಂಬುತ್ತದೆ.

ಮಕ್ಕಳು ನೀರಿನಲ್ಲಿ ಆಡುತ್ತಿದ್ದ ಆ ಮೇ ತಿಂಗಳ ಕೊನೆಯಲ್ಲಿಯೇ ಗುಬ್ಬಿಯ ಕಡೆ ಹೇಮಾವತಿ ಲಿಂಕ್ ಕೆನಾಲಿನ ಹೋರಾಟ ಜೋರಾಯಿತು. ಗೊರೂರಿನ ಅಣೆಕಟ್ಟೆಯಿಂದ ಬರುವ ನಾಲೆಯ ನೀರನ್ನು ಗುಬ್ಬಿ ತಾಲ್ಲೂಕಿನಿಂದಲೇ ಕೊಳವೆಯಲ್ಲಿ ನೇರವಾಗಿ ಕುಣಿಗಲ್ಲಿಗೆ, ಮುಂದೆ ಮಾಗಡಿ ಕಡೆಗೆ ಒಯ್ಯುವ ಯೋಜನೆ ಅದು. ರೈತರು ಸಾವಿರಗಟ್ಟಲೆ ಸೇರಿ ಕಾಮಗಾರಿ ನಿಲ್ಲಿಸಲು ಹೊರಟರು. ಅಣ್ಣನೂ ಹೋಗಿದ್ದ. ಫೋನಿನಲ್ಲಿ ಅವನ ಗಂಟಲು ಕಟ್ಟಿತ್ತು. "ಅಷ್ಟು ಆಳದಾಗೆ ಪೈಪು ಹಾಕಿದ್ರೆ ನೀರೆಲ್ಲ ತಾನಾಗೇ ಇಳ್ದು ಹೋಯ್ತದೆ, ನಮ್ಮ ಕೆರೆಗಳ ಗತಿ ಏನು?" ಅದೇ ಸಂಜೆ ಕುಣಿಗಲ್ಲಿನಿಂದ ಮೈದುನ. "ಅತ್ತಿಗೆ, ನಾವು ನಾಲೆಯ ಬಾಲದ ತುದೀಲಿರೋರು. ನಮಗೆ ಅಂತ ಬರೆದ ನೀರು ನಮ್ಮ ತನಕ ಯಾವತ್ತು ಸರಿಯಾಗಿ ಬಂದಿದೆ? ನಿಮ್ಮಣ್ಣನಿಗೆ ಸ್ವಲ್ಪ ಹೇಳಿ." ಇಬ್ಬರ ಮಾತೂ ನನಗೆ ನಿಜವೆನ್ನಿಸಿತು. ಇಬ್ಬರೂ ತಾವೇ ತಗ್ಗು, ಇನ್ನೊಬ್ಬರು ಉಬ್ಬು ಎನ್ನುತ್ತಿದ್ದರು. ನಡುವೆ ತುಮಕೂರಿನಲ್ಲಿ ಕೂತ ನಾನು ಯಾರು? ಬುಗುಡನಹಳ್ಳಿ ಕೆರೆಗೆ ತುಂಬಿಸಿ ನಮ್ಮ ಊರಿನ ನಲ್ಲಿಗೆ ಬಿಡುವುದೂ ಆ ಹೇಮಾವತಿಯನ್ನೇ. ಕೊಳಕ್ಕೆ ಬೋರಿನ ನೀರು ಬಿಟ್ಟೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಕುಡಿಯಲು, ಅಡುಗೆಗೆ ಆ ನಲ್ಲಿ ಇರುವುದರಿಂದಲೇ ತಾನೆ ಬೋರಿನ ನೀರು ಆಟಕ್ಕೆ ಉಳಿದದ್ದು? ಪೈಪಿನ ತುದಿಯನ್ನು ನನ್ನ ಹಿತ್ತಲಲ್ಲಿ ಹಿಡಿದರೆ ಎಲ್ಲರಿಗಿಂತ ಎತ್ತರದಲ್ಲಿ ನಾನೇ ಇದ್ದೆ.

ಅಣ್ಣ ಫೋನು ಇಡುವ ಮೊದಲು ಹೇಳಿದ, "ಪಾಲು ಅಂದ್ರೆ ಪಾಲು ಕಣಮ್ಮ. ಅವರು ದಾನ ಕೊಟ್ಟಂಗೆ ಕೊಡೋದು, ನಾವು ಕೈ ಮುಗಿದು ಈಸ್ಕಳದು, ಅದು ಆಗದ ಮಾತು." ನಾನು "ಹೂಂ" ಎಂದೆ. ಹಿಂದೆ ಅವನು ತಂದ ಕಾಗದದ ನೆನಪು ನಾಲಗೆಯ ತುದಿಗೆ ಬಂದಿತ್ತು. ಅವನು ದಣಿದಿದ್ದ, ಬಿಸಿಲಲ್ಲಿ ನಡೆದು ಬಂದಿದ್ದ. ಹೇಳಲಿಲ್ಲ.

ಆ ಬೇಸಿಗೆ ಕೊಳವನ್ನು ಪೂರ್ತಿ ತುಂಬಿಸಲಿಲ್ಲ. ಮಕ್ಕಳ ಮೊಣಕಾಲಿಗೆ ಬರುವಷ್ಟು, ಒಂದಡಿ. ಮೊಮ್ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಕಾಂಪೌಂಡಿನ ಹೊರಗೆ ಬೋರಿನ ಪೈಪಿಗೆ ಒಂದು ನಲ್ಲಿ ಹಾಕಿಸಿದೆ, ಬೆಳಿಗ್ಗೆ ಒಂದು ಗಂಟೆ ಬಿಡುವುದೆಂದು. ನಮ್ಮವರು "ಬೋರು ಬತ್ತಿದರೆ ನಾಳೆ ನಮಗೆ ಕೊಡುವವರು ಯಾರು?" ಎಂದರು. ಕೇಳಿದ್ದು ತಪ್ಪಲ್ಲ. ಪಕ್ಕದ ಮನೆಯವರು ಗೇಟಿನ ಮುಂದೆ ಕೆಸರು ಎಂದರು. ಅದೂ ತಪ್ಪಲ್ಲ. ದೊಡ್ಡ ಕೆಲಸ ಮಾಡಿದೆನೆಂದು ಇದನ್ನು ಬರೆಯುತ್ತಿಲ್ಲ. ನಮ್ಮ ಟ್ಯಾಂಕು ತುಂಬದ ದಿನ ಆ ನಲ್ಲಿಗೆ ನೀರು ಬಿಡದೆ ಇದ್ದದ್ದೂ ಉಂಟು. ಕೆಲಸದವಳು ಆ ದಿನಗಳಲ್ಲಿ ಖಾಲಿ ಬಿಂದಿಗೆಯನ್ನು ನಮ್ಮ ಮೆಟ್ಟಿಲ ಮೇಲೇ ಇಟ್ಟು ಒಳಗೆ ಬರುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ. ಆದರೆ ಎಣಿಸಿ ನೋಡಿದರೆ ಇನ್ನೂರು ರೂಪಾಯಿಗಿಂತ ಅದು ನನಗೆ ಹೆಚ್ಚು ನೋವಾಗುವ ಲೆಕ್ಕ. ಹಾಗಿದ್ದರೆ ಸನಿಕೆ ಎಲ್ಲೋ ಸ್ವಲ್ಪ ತಾಗಿರಬೇಕು.

ಮಳೆ ಹಿಡಿದ ಮೇಲೆ ಕೊಳವನ್ನು ಮಡಿಸಿ ಅಟ್ಟಕ್ಕೆ ಹಾಕಿದೆವು. ಆ ದುಂಡು ಜಾಗ ಹಾಗೇ ಉಳಿಯಿತು. ಮರಳು ಗುಡಿಸಿ ತೆಗೆದು, ಸಗಣಿ ಸಾರಿಸಿ, ಬಿಸಿಲು ಬಿದ್ದ ದಿನ ಚಾಪೆ ಹಾಸಿ ಮೆಣಸಿನಕಾಯಿ, ಸಂಡಿಗೆ ಹಾಕುತ್ತೇನೆ. ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿ ಅದನ್ನು ನೋಡಿದ.

"ಒಳ್ಳೇ ಕಣ ಇದ್ದಂಗೆ ಐತಲ್ಲಮ್ಮ. ಅಪ್ಪ ಮಾಡಿಸ್ತಿದ್ದಂಗೇ."

ಮೇಸ್ತ್ರಿ ಹೇಗೆ ಮಾಡಿದರು ಎಂದು ಹೇಳಿದೆ. ಮೊದಲು ನಾವು ತಗ್ಗಿಗೆ ಮಣ್ಣು ತುಂಬಿದ್ದು, ಅದು ಕುಸಿದದ್ದು, ಆಮೇಲೆ ಉಬ್ಬಿನ ಕಡೆಯಿಂದ ಏಳು ಇಂಚು ಕಡಿದದ್ದು. ಪೈಪಿನ ವಿಷಯವನ್ನೂ ಹೇಳಿದೆ. ಅಣ್ಣ ಟವೆಲಿನಲ್ಲಿ ಮುಖ ಒರೆಸುತ್ತ ಕೇಳುತ್ತಿದ್ದ. ಒರೆಸಿ ಮುಗಿದ ಮೇಲೂ ಟವೆಲನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ.

"ಕಡಿದ ಮಣ್ಣು ಏನು ಮಾಡಿದೆ?" ಎಂದ.

ತೆಂಗಿನ ಬುಡಕ್ಕೆ ಹಾಕಿಸಿದ್ದನ್ನು ತೋರಿಸಿದೆ. ಒಳಗಿನಿಂದ ನಮ್ಮವರು ಕಾಫಿ ಆರುತ್ತಿದೆ ಎಂದು ಕೂಗಿದರು. ಅಣ್ಣ ಚಾಪೆಯ ಮೇಲಿನ ಸಂಡಿಗೆ ಒಂದನ್ನು ಮುಟ್ಟಿ ನೋಡಿ, "ಇನ್ನೊಂದು ಬಿಸಿಲು ಬೇಕು" ಎಂದು ಒಳಗೆ ಬಂದ.