ಎಚ್ಚರಿಕೆಯ ಮಾತು: ದಯೆಯೋ, ಋಣವೋ?

ಯಡಿಯೂರಿನ ಶ್ರೀ ಸಿದ್ಧಲಿಂಗೇಶ್ವರರ ಗದ್ದುಗೆಗೆ ಹೆದ್ದಾರಿಯಲ್ಲಿ ಬರುವ ಸದ್ಭಕ್ತರು ಆ ಹಾದಿಯ ಜಲ್ಲಿಯನ್ನು ಒಡೆದವರಾರೆಂದು ಆಲೋಚಿಸುವುದು ವಿರಳ. ಕಲ್ಲಿನ ಕ್ವಾರಿಗಳಲ್ಲಿ, ಕಟ್ಟಡಗಳಲ್ಲಿ, ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಲ್ಲಿ ಇಂದು ಪರಪ್ರಾಂತಗಳಿಂದ ಬಂದವರೂ ದುಡಿಯುತ್ತಿದ್ದಾರೆ. ಎಚ್ಚರಿಕೆಯ ಫಲಕ ಕನ್ನಡದಲ್ಲಿದ್ದರೆ ಒಡಿಯಾ ಮಾತ್ರ ಬಲ್ಲವನಿಗೆ ಅದು ಬರಿಯ ತಗಡು. ಅಂಥವನಿಗೆ ಅವನ ನುಡಿಯಲ್ಲಿಯೇ ಅಪಾಯವನ್ನು ತಿಳಿಸುವ ಆರೋಗ್ಯ ಶಿಕ್ಷಕರ ಕಾರ್ಯವು ದಯೆಯೋ, ಋಣ ಸಂದಾಯವೋ?

ಕೋಲಾರದ ಚಿನ್ನದ ಗಣಿಗಳನ್ನು ನೆನೆಯಿರಿ. ತಮಿಳು, ತೆಲುಗು ಸೀಮೆಗಳಿಂದ ಬಂದ ಸಾವಿರಾರು ಜನ ಅಲ್ಲಿ ಬಂಡೆ ಕೊರೆದರು. ಕಲ್ಲಿನ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿ ಗಟ್ಟಿಗೊಳಿಸುವ ಸಿಲಿಕೋಸಿಸ್ ರೋಗವು ಭಾರತದಲ್ಲಿ ಮೊದಮೊದಲು ವರದಿಯಾದ ತಾಣಗಳಲ್ಲಿ ಅದೂ ಒಂದು. 2001ರಲ್ಲಿ ಗಣಿ ಮುಚ್ಚಿತು. ಆದರೆ ಕಲ್ಲು ಕೊರೆಯುವೆಡೆಗಳಲ್ಲೆಲ್ಲ ಆ ರೋಗದ ಭಯ ಉಳಿದಿದೆ. ಅದು ವರ್ಷಗಟ್ಟಲೆ ಮರೆಯಲ್ಲಿ ಬೆಳೆಯುತ್ತದೆ, ಬಂದ ಮೇಲೆ ವಾಸಿಯಾಗದು. ನೀರು ಹಾಯಿಸುತ್ತ ಕೊರೆದರೆ, ಧೂಳನ್ನು ಹುಟ್ಟುವಲ್ಲೇ ತಡೆದರೆ ಅದನ್ನು ಬಹುಮಟ್ಟಿಗೆ ದೂರವಿಡಬಹುದು.

‘ಕೂಲಿಗೆ ಒಪ್ಪಿಯೇ ಬಂದನಲ್ಲ’ ಎನ್ನುವವರುಂಟು. ಕೂಲಿಗೆ ಒಪ್ಪಿದ್ದು ನಿಜ. ಅರಿಯದ ರೋಗಕ್ಕೆ ಯಾರು ತಾನೆ ಒಪ್ಪಿಯಾರು? ಬಲ್ಲವನು ಅರಿಯದವನ ಮೌಢ್ಯದಿಂದ ಲಾಭ ಪಡೆದರೆ, ಆ ಮೌನವೇ ಕಳವು. ದಯೆಯನ್ನು ತೋರಬಹುದು, ಬಿಡಬಹುದು. ಋಣವನ್ನು ತೀರಿಸದೆ ವಿಧಿಯಿಲ್ಲ. ಆದ್ದರಿಂದ ಎಚ್ಚರಿಕೆಯ ಮಾತು ಋಣವೇ ಸರಿ.

ಆದರೆ ಮಾತಿನಿಂದಲೇ ಋಣ ತೀರದು. ಧೂಳಿಗೆ ತಡೆಯಿಲ್ಲ, ಯಂತ್ರಕ್ಕೆ ಕವಚವಿಲ್ಲ, ಸೊಂಟಕ್ಕೆ ಕಟ್ಟುವ ಹಗ್ಗವೂ ಇಲ್ಲ. ‘ಜೋಪಾನವಾಗಿರು’ ಎಂಬ ಉಪದೇಶ ಮಾತ್ರ ಇದೆ ಎಂದಾದರೆ, ಅದು ಒಡೆಯನ ಹೊಣೆಯನ್ನು ಆಳಿನ ತಲೆಗೆ ಹೊರಿಸುವ ಉಪಾಯವಾಗುತ್ತದೆ. ಭಯವನ್ನು ಹೇಳಿಕೊಂಡರೆ ಕೆಲಸ ಹೋಗುವುದೆಂಬ ಅಂಜಿಕೆಯಿರುವಲ್ಲಿ ಶಿಕ್ಷಕನ ಪಾಠ ಫಲಿಸದು. ಕಲಿಸುವವನು ಕೇಳಿಸಿಕೊಳ್ಳಲೂ ಬೇಕು. ಕೇಳಿದ್ದನ್ನು ಒಡೆಯನ ಮುಂದೆ ಆಡುವ ಧೈರ್ಯವೂ ಅವನಿಗೆ ಬೇಕು.

ಶರಣರು ಕಾಯಕವನ್ನು ಎತ್ತಿಹಿಡಿದರು. ಕಾಯವನ್ನು ಹಾಳುಮಾಡುವ ದುಡಿಮೆಯನ್ನಲ್ಲ. ಕಾಯವು ಲಿಂಗಕ್ಕೆ ನೆಲೆಯೆಂದು ನಂಬಿದವರಿಗೆ, ಪರನಾಡಿನವನ ಕಾಯ ಬೇರೆಯಾದೀತೆ? ಕಲಬುರಗಿ, ಯಾದಗಿರಿಗಳ ನಮ್ಮ ಜನರೂ ಮುಂಬಯಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಅವರಿಗೆ ಸಲ್ಲಬೇಕೆಂದು ನಾವು ಬಯಸುವುದನ್ನು ಇಲ್ಲಿ ನಾವು ಸಲ್ಲಿಸಬೇಡವೇ?

ಮಠದ ಪ್ರಸಾದವುಂಡು ಓದಿದವರಲ್ಲಿ ಇಂದು ಗುತ್ತಿಗೆದಾರರಿದ್ದಾರೆ, ಇಂಜಿನಿಯರರಿದ್ದಾರೆ, ವೈದ್ಯರಿದ್ದಾರೆ. ನಿಮ್ಮ ಕೆಲಸದ ಸ್ಥಳದಲ್ಲಿ ಎಚ್ಚರಿಕೆ ಯಾವ ಭಾಷೆಯಲ್ಲಿದೆ, ಅದರೊಡನೆ ರಕ್ಷಣೆಯ ಸಾಧನವೂ ಇದೆಯೇ ಎಂಬುದನ್ನು ನಾಳೆಯೇ ನೋಡಿರಿ. ಉಂಡ ಅನ್ನದ ಋಣ ಅಲ್ಲಿಯೂ ಸಲ್ಲುತ್ತದೆ.