ಬೆಳಕು ಆರುವ ಹೊತ್ತು

ನಾಟಕಕ್ಕೆ ಬೆಳಕು ಮಾಡುವವನ ಕೈಲಿರುವ ಹಾಳೆ ಹೊರಗಿನವರಿಗೆ ವೈದ್ಯರ ಚೀಟಿಯಂತೆ ಕಂಡೀತು. ಕ್ಯೂ 14: ಏರಲು 3 ಸೆಕೆಂಡು, ಇಳಿಯಲು 8. ಕ್ಯೂ 15: ಇಳಿಯಲು 300. ಯಾವ ದೀಪ ಎಷ್ಟು ಉರಿಯಬೇಕೆಂಬುದಕ್ಕಿಂತ ಈ ಸೆಕೆಂಡುಗಳಿಗಾಗಿಯೇ ನಿರ್ದೇಶಕರಿಗೂ ನನಗೂ ಹೆಚ್ಚು ಜಗಳವಾಗುವುದು.

ಏರುವುದಕ್ಕೊಂದು, ಇಳಿಯುವುದಕ್ಕೊಂದು ಲೆಕ್ಕವೇಕೆ ಎಂದು ಕೇಳಬಹುದು. ಎರಡೂ ಒಂದೇ ವೇಗದಲ್ಲಿ ಅದಲುಬದಲಾದರೆ ನಡುದಾರಿಯಲ್ಲಿ ಎರಡೂ ಅರೆಜೀವವಾಗಿ ರಂಗ ಒಮ್ಮೆ ಮಂಕಾಗುತ್ತದೆ. ಹೊಸ ಬೆಳಕು ಕಾಲೂರಿದ ಮೇಲೆ ಹಳೆಯದು ಹೊರಡಬೇಕು. ಕಣ್ಣಿನ ಸ್ವಭಾವವೂ ಹಾಗೆಯೇ. ಬೆಳಕಿಗೆ ಬೇಗ ಒಗ್ಗಿಕೊಳ್ಳುವ ಅದು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯನ್ನಾದರೂ ಬೇಡುತ್ತದೆ. ತಂತಿಯ ದೀಪಗಳು ಆರುವಾಗ ಕೆಂಪಾಗಿ, ತುಸು ತಡಮಾಡಿ, ಹೋಗಲೋ ಬೇಡವೋ ಎಂಬಂತೆ ಹೋಗುತ್ತವೆ. ಎಲ್‌ಇಡಿಗೆ ಆ ಸಂಕೋಚವಿಲ್ಲ, ಅದಕ್ಕೆ ನಿಧಾನವನ್ನು ನಾವೇ ಕಲಿಸಬೇಕು.

ಉಪ್ಪುನೀರಿನ ಪಾತ್ರೆಯಲ್ಲಿ ಲೋಹದ ತಗಡು ಇಳಿಬಿಟ್ಟು ದೀಪ ಏರಿಸಿ ಇಳಿಸುತ್ತಿದ್ದ ಕಾಲದಲ್ಲಿ ಈ ನಿಧಾನ ಮನುಷ್ಯನ ಕೈಯಲ್ಲಿತ್ತು. 1975ರಲ್ಲಿ ಥೆರಾನ್ ಮಸ್ಸರ್ 'ಎ ಕೋರಸ್ ಲೈನ್' ನಾಟಕದೊಂದಿಗೆ ನೆನಪಿನ ಯಂತ್ರವನ್ನು ಬ್ರಾಡ್‌ವೇಗೆ ತಂದರು. ಈಗ ಅಂಥ ಯಂತ್ರಗಳು ನಮ್ಮಲ್ಲೂ ಇವೆ. ಬೆರಳೊಂದು ಗುಂಡಿ ಒತ್ತುತ್ತದೆ, ಉಳಿದದ್ದು ಮೊದಲೇ ನಿಶ್ಚಯವಾಗಿರುತ್ತದೆ. ನಟ ಮಾತು ನುಂಗಿ ಒಂದು ಕ್ಷಣ ನಿಂತರೂ ಯಂತ್ರ ನಿಲ್ಲುವುದಿಲ್ಲ.

ನನ್ನನ್ನು ಕಾಡುವುದು ಆ 300 ಸೆಕೆಂಡು. ಮಧ್ಯಾಹ್ನ ಸಂಜೆಯಾಗುತ್ತದೆ, ಆದರೆ ಆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಪ್ರೇಕ್ಷಕನ ಮನಸ್ಸು ಭಾರವಾಗಿರುತ್ತದೆ, ಆ ಭಾರ ತನ್ನದೇ ಎಂದು ಅವನು ತಿಳಿಯುತ್ತಾನೆ. ಥಟ್ಟನೆ ದೀಪ ಆರಿಸಿದರೆ ತನಗೆ ಯಾರೋ ಏನೋ ಮಾಡಿದರೆಂದು ಅವನಿಗೆ ತಿಳಿಯುತ್ತದೆ, ಬೇಕಾದರೆ ಗೊಣಗಬಹುದು. ನಿಧಾನಕ್ಕೆ ಯಾರೂ ಗೊಣಗುವುದಿಲ್ಲ. ಇನ್ನೊಬ್ಬರ ಮನಸ್ಸನ್ನು ಅವರಿಗೇ ತಿಳಿಯದಂತೆ ತಿರುಗಿಸುವ ಹಕ್ಕು ನನಗೆ ಬಂದದ್ದೆಲ್ಲಿಂದ?

ಟಿಕೆಟ್ ಕೊಂಡು ಬಂದವನು ಮರುಳಾಗಲೆಂದೇ ಬಂದಿರುತ್ತಾನೆ ಎಂಬುದು ಸಿದ್ಧ ಉತ್ತರ. ಅದರಲ್ಲಿ ಸತ್ಯವಿದೆ. ದೀಪಗಳು ತಲೆಯ ಮೇಲೆಯೇ ತೂಗುತ್ತಿರುತ್ತವೆ, ಕೊನೆಗೆ ಸಭಾಂಗಣದ ಬೆಳಕು ಬರುತ್ತದೆ, ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗಬಹುದು. ಕಚೇರಿಯಲ್ಲೋ ರಾಜಕೀಯದಲ್ಲೋ ನಮ್ಮನ್ನು ಹೀಗೆ ನಿಧಾನವಾಗಿ ಕತ್ತಲೆಗೆ ಒಗ್ಗಿಸುವವರು ಕೊನೆಗೆ ದೀಪ ಹಾಕುವ ಮಾತು ಕೊಟ್ಟಿರುವುದಿಲ್ಲ. ಆದರೂ ಈ ಉತ್ತರ ನನಗೆ ಸಾಲದು. ಮರುಳಾಗಲು ಒಪ್ಪಿದವನು ಯಾವುದಕ್ಕೆ ಮರುಳಾಗಬೇಕೆಂಬುದನ್ನೂ ನನಗೆ ಬರೆದುಕೊಟ್ಟಂತಾಯಿತೇ? ದೀವಟಿಗೆಯ ಬೆಳಕಿನಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನದಲ್ಲಿ ಬೆಳಕಿಗೆ ಈ ಉಪದ್ವ್ಯಾಪ ಇರಲಿಲ್ಲ. ರಾಮನಿಗೂ ರಾವಣನಿಗೂ ಒಂದೇ ಎಣ್ಣೆ. ಯಾರನ್ನು ನೋಡಬೇಕೆಂಬುದು ನೋಡುವವನಿಗೆ ಬಿಟ್ಟದ್ದು.

ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕದ ಕೊನೆಯನ್ನೇ ನೋಡಿ. ದಣಿದ ಸುಲ್ತಾನ ನಿದ್ದೆಹೋಗುತ್ತಾನೆ. ಬಾಂಗಿನ ಕರೆ ಕೇಳಿಸುತ್ತದೆ. ಕಣ್ಣು ತೆರೆದು, ತಾನೆಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡುತ್ತಾನೆ. ಇಲ್ಲಿ 20 ಸೆಕೆಂಡು ಕೊಟ್ಟು ಬೆಳಕನ್ನು ಮುಖದ ಮೇಲೆ ಕರಗಿಸಿದರೆ ಸಭೆ ನಿಟ್ಟುಸಿರು ಬಿಡುತ್ತದೆ. ಅದು ಬಲು ಸುಂದರವೆಂದು ನನಗೂ ಗೊತ್ತು. ಆದರೆ ಅಷ್ಟೊಂದು ಜನರನ್ನು ಕೊಲ್ಲಿಸಿದ ದೊರೆಯ ಮೇಲೆ ಮರುಕವನ್ನು ಆಗ ಹುಟ್ಟಿಸಿದ್ದು ನಾಟಕವಲ್ಲ, ನನ್ನ 20 ಸೆಕೆಂಡು. ಮರುಕ ಪಡಬಾರದೆಂದಲ್ಲ, ಪಡುವುದಾದರೆ ನೋಡಿದವನೇ ಪಡಲಿ.

ಆ ಕ್ಯೂವಿನ ಎದುರು ನಾನು 0 ಎಂದು ಬರೆಯುತ್ತೇನೆ. ನಿರ್ದೇಶಕರು ಅದನ್ನು ಹೊಡೆದು 12 ಮಾಡುತ್ತಾರೆ. ಮರುದಿನ ತಾಲೀಮಿನಲ್ಲಿ ಮಾತು ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ.