ತಾಟಿನ ಮೇಲಿನ ಚೀಟಿ

ವಿಮಾನದ ತಿಕೀಟು ತೆಗೆಸುವಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಕಾರಕೂನರ ಪ್ರಶ್ನೆಗಳು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟಿನ ಸಂಖ್ಯೆ, ಇವುಗಳ ಉತ್ತರ ಕಿಸೆಯಲ್ಲಿಯೇ ಇರುತ್ತದೆ. ಒಂದು ಪ್ರಶ್ನೆ ಮಾತ್ರ ಹಾಗಲ್ಲ. ‘ವಿಶೇಷ ಊಟ ಬೇಕೆ?’ ಎಂದು ಕೇಳಿ ಅದರ ಕೆಳಗೆ ಒಂದು ಉದ್ದನೆಯ ಯಾದಿಯನ್ನು ಬಿಚ್ಚುತ್ತಾರೆ. ಏಶಿಯದ ಶಾಕಾಹಾರ, ಜೈನ ಶಾಕಾಹಾರ, ಹಾಲು ತತ್ತಿ ನಡೆಯುವ ಶಾಕಾಹಾರ, ಎರಡೂ ನಡೆಯದ ಶಾಕಾಹಾರ, ಬರಿಯ ಹಣ್ಣು, ಮುಸಲ್ಮಾನರ ಊಟ, ಯೆಹೂದ್ಯರ ಕೋಷರ್ ಊಟ, ಸಕ್ಕರೆ ರೋಗದವರದು, ಗೋದಿ ಒಗ್ಗದವರದು, ಮಕ್ಕಳದು. ಒಂದೊಂದಕ್ಕೂ ನಾಲ್ಕಕ್ಷರದ ಸಂಕೇತವುಂಟು. ವಿಜೆಎಂಎಲ್ ಎಂದರೆ ಜೈನರದು, ಡಿಬಿಎಂಎಲ್ ಎಂದರೆ ಮಧುಮೇಹಿಗಳದು. ಕೊನೆಯ ಎರಡಕ್ಷರ ಎಲ್ಲಕ್ಕೂ ಒಂದೇ; ಊಟವೆಂದು ಅವುಗಳ ಅರ್ಥ. ಮೊದಲ ಎರಡಕ್ಷರಗಳಲ್ಲಿ ಒಮ್ಮೆ ಧರ್ಮ ಕುಳಿತಿರುತ್ತದೆ, ಒಮ್ಮೆ ರೋಗ.

ಸಾಮಾನ್ಯವಾಗಿ ಹೊರಡುವುದಕ್ಕೆ ೨೪ ಗಂಟೆ ಮೊದಲು ತಿಳಿಸಬೇಕು. ತಿಳಿಸಿದ ಮೇಲೆ ಯಾರೂ ಪುರಾವೆ ಕೇಳುವುದಿಲ್ಲ. ರೇಶನ್ ಅಂಗಡಿಯಲ್ಲಿ ಅಕ್ಕಿ ಪಡೆಯಲು ಬೆರಳು ಒತ್ತಬೇಕಾದ ಕಾಲದಲ್ಲಿ, ಒಬ್ಬನು ‘ನಾನು ಜೈನರ ಊಟ ಉಣ್ಣುವವನು’ ಎಂದರೆ ಮರುಮಾತಿಲ್ಲದೆ ನಂಬಿ, ಅವನ ಹೆಸರಿನಲ್ಲಿ ಒಲೆ ಹೊತ್ತಿಸುತ್ತಾರೆ. ಇದು ಸಣ್ಣ ಮಾತಲ್ಲ.

ನನ್ನ ತಮ್ಮ ಕೆನಡಾದಲ್ಲಿದ್ದಾನೆ. ಆ ನೆಪದಿಂದ ಕಳೆದ ಕೆಲವು ವರ್ಷಗಳಲ್ಲಿ ಗೋಕಾಕ ಫಾಲ್ಸಿನಿಂದ ಹೊರಟು, ಹತ್ತು ಹದಿನಾಲ್ಕು ಗಂಟೆ ಆಕಾಶದಲ್ಲಿ ಕೂಡ್ರುವ ಯೋಗ ಮೂರು ಸಲ ಒದಗಿತು. ನಾನು ಶಾಕಾಹಾರಿ, ಅದೂ ಹುಟ್ಟಿದ ಮನೆಯ ರೂಢಿಯಿಂದ, ಯಾವ ವ್ರತದಿಂದಲೂ ಅಲ್ಲ. ಯಾದಿಯನ್ನು ಕಂಡಾಗ ಗ್ರಂಥಾಲಯದಲ್ಲಿ ಬೀಗವಿಲ್ಲದ ಕಪಾಟು ಕಂಡಂತಾಯಿತು. ಹೋಗುವಾಗ ಒಂದು, ಬರುವಾಗ ಇನ್ನೊಂದು ಎಂದು ಕೇಳಿ ಪಡೆದು ಉಂಡೆ. ಹಣ್ಣಿನ ತಾಟು ಎಂಬುದು ಕಲ್ಲಂಗಡಿ, ಪಪಾಯಿ, ನಾಲ್ಕು ದ್ರಾಕ್ಷಿ. ಪಕ್ಕದವನ ಬಿಸಿ ಅನ್ನದ ವಾಸನೆಯೇ ಅದಕ್ಕೆ ವ್ಯಂಜನ. ಹಾಲೂ ನಡೆಯದ ಊಟದಲ್ಲಿ ಸೋಯಾದಿಂದ ಮಾಡಿದ ಕೋಳಿಯ ತುಂಡಿನಂಥ ತುಂಡುಗಳಿದ್ದವು. ಅದರ ಮಾತು ಮುಂದೆ ಬರುತ್ತದೆ. ಎಲ್ಲಕ್ಕಿಂತ ರುಚಿಯಾಗಿದ್ದದ್ದು ಜೈನರ ತಾಟೇ. ಹೆಸರುಬೇಳೆ, ಜೀರಿಗೆ ಅನ್ನ, ಕೋಬೀಜು ಬಟಾಣಿಯ ಪಲ್ಯ, ಇಂಗಿನ ಒಗ್ಗರಣೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಯಾವುದೂ ಇಲ್ಲ.

ಇದಕ್ಕೆ ವಿಜ್ಞಾನದ ಆಧಾರವೂ ಉಂಟಂತೆ. ವಿಮಾನದೊಳಗಿನ ಗಾಳಿಯ ಒತ್ತಡ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು, ತೇವವೋ ಮರುಭೂಮಿಯಷ್ಟೇ. ಮೂಗು ಒಣಗಿ ನಾಲಗೆ ಮಂಕಾಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗಾಗಿ ನಡೆಸಿದ ಪ್ರಯೋಗದಲ್ಲಿ, ಅಲ್ಲಿ ಉಪ್ಪು ಮತ್ತು ಸಿಹಿಯ ಅರಿವು ಕುಗ್ಗುವುದು ಕಂಡುಬಂದಿತು. ನಮ್ಮ ಮಸಾಲೆ ಅಂಥಲ್ಲಿಯೂ ಸೋಲುವುದಿಲ್ಲ. ಆದ್ದರಿಂದಲೇ, ಏನನ್ನು ಬೇಕಾದರೂ ತಿನ್ನುವ ಅನುಭವಿ ಪ್ರವಾಸಿಗಳು ಕೂಡ ನಮ್ಮ ಶಾಕಾಹಾರವನ್ನೇ ಬರೆಸುತ್ತಾರೆ. ಬೇರೆ ಕೆಲವರಿಗೆ ರುಚಿಯ ಗೊಡವೆಯೂ ಇಲ್ಲ. ವಿಶೇಷ ಊಟಗಳನ್ನು ಗಾಡಿ ಬರುವುದಕ್ಕೆ ಮೊದಲೇ ಕೈಯಲ್ಲಿ ತಂದು ಕೊಡುತ್ತಾರೆ. ಎಲ್ಲರಿಗಿಂತ ಮೊದಲು ಉಂಡು ಮಲಗಬಹುದು ಎಂಬುದಷ್ಟೇ ಅವರ ಧರ್ಮ.

ಇದು ತಪ್ಪೇ? ಬೇಡಿದ ತಾಟನ್ನು ಕಡೆಗೆ ಬೇಡವೆಂದು ಪಕ್ಕದವನ ತಾಟಿಗೆ ಆಸೆಪಡುವುದು ತಪ್ಪು, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಬೇಡಿದ್ದನ್ನು ಬೇಡಿ ಉಂಡವನ ಮಾತೇನು? ದುಡ್ಡು ಕೊಟ್ಟಿದ್ದೇನೆ, ಊಟದ ಮೇಲೆ ಯಾವ ಜಾತಿಯ ಹಕ್ಕೂ ಇಲ್ಲ ಎನ್ನುವುದು ಸುಲಭದ ಉತ್ತರ. ಅದು ಸರಿಯೂ ಹೌದು. ಉಡುಪಿಯವರ ಹೋಟೆಲಿನಲ್ಲಿ ಉಣ್ಣುವವನು ಉಡುಪಿಯವನಾಗಿರಬೇಕಾಗಿಲ್ಲ. ಆದರೆ ಹೋಟೆಲಿನ ತಾಟಿನ ಮೇಲೆ ಉಣ್ಣುವವನ ಹೆಸರಿರುವುದಿಲ್ಲ. ಇಲ್ಲಿ ತಾಟಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ನನ್ನ ಹೆಸರು, ಆಸನದ ಸಂಖ್ಯೆ, ಕೆಳಗೆ ‘ಜೈನ’ ಎಂಬ ಮಾತು.

ಪಕ್ಕದಲ್ಲಿ ಕುಳಿತ ಗುಜರಾತಿ ಹಿರಿಯರೊಬ್ಬರು ಆ ಚೀಟಿಯನ್ನು ಓದಿ, ತಮ್ಮ ತಾಟನ್ನೂ ತೋರಿಸಿ, ‘ಜಯ ಜಿನೇಂದ್ರ’ ಎಂದರು. ನಾನು ಜೈನನಲ್ಲ, ನೋಡೋಣವೆಂದು ಬರೆಸಿದೆ ಎಂದು ಹೇಳಿದೆ. ಅವರು ಬೇಸರಪಡಲಿಲ್ಲ. ಬಂಗಾಳಿ ಮಿಠಾಯಿಯ ತುಂಡನ್ನು ಬಾಯಿಗಿಡುತ್ತ, ‘ಒಳ್ಳೆಯದೇ ಆಯಿತು, ಯಾರ ಹೊಟ್ಟೆಗೆ ಹೋದರೇನು, ಒಂದು ಹೊತ್ತು ಅಷ್ಟು ಜೀವ ಉಳಿದವಲ್ಲ’ ಎಂದು ಹಿಂದಿಯಲ್ಲಿ ಅಂದರು. ಗಡ್ಡೆಗೆಣಸುಗಳ ಒಂದೇ ಒಡಲಿನಲ್ಲಿ ಅನಂತ ಜೀವಗಳಿವೆ ಎಂಬುದು ಅವರ ಶಾಸ್ತ್ರ. ಆ ಲೆಕ್ಕದಲ್ಲಿ ತಿನ್ನದೆ ಬಿಟ್ಟವನು ಯಾವ ಕಾರಣಕ್ಕೆ ಬಿಟ್ಟನೆಂದು ಬಟಾಟೆ ಕೇಳುವುದಿಲ್ಲ.

ಹಾಗಾದರೆ ಜನ್ನನ ಯಶೋಧರನನ್ನು ಏನು ಮಾಡೋಣ? ೧೨೦೯ರ ‘ಯಶೋಧರ ಚರಿತೆ’ಯನ್ನು ವರ್ಷವರ್ಷ ಪಾಠ ಹೇಳುವ ನನಗೆ ಆ ಹಿರಿಯರ ಮಾತು ಗಂಟಲಿನಿಂದ ಇಳಿಯಲಿಲ್ಲ. ಯಶೋಧರನು ಜೀವಂತ ಕೋಳಿಯನ್ನು ಕೊಲ್ಲಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿದನು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಕೊಂದದ್ದು ಹಿಟ್ಟು, ಸಂಕಲ್ಪ ಮಾತ್ರ ಹಿಂಸೆಯದು. (ಸೋಯಾದ ಕೋಳಿತುಂಡನ್ನು ಕಚ್ಚಿದಾಗ ನನಗೆ ನೆನಪಾದದ್ದು ಇದೇ. ಆದರೆ ಅದನ್ನು ತಿನ್ನುವ ಇಂದಿನವನ ಸಂಕಲ್ಪ ಕೊಲ್ಲುವುದಲ್ಲ, ಕೊಲ್ಲದೆ ರುಚಿ ನೋಡುವುದು. ಜನ್ನನು ಅವನಿಗೆ ಯಾವ ಜನ್ಮ ಕೊಡುತ್ತಿದ್ದನೋ!) ಬರಿಯ ಸಂಕಲ್ಪದಿಂದ ಪಾಪ ಹತ್ತುವುದಾದರೆ, ಸಂಕಲ್ಪವಿಲ್ಲದೆ ಉಂಡ ಅಹಿಂಸೆಯ ಊಟದಿಂದ ಪುಣ್ಯ ಹತ್ತುವಂತಿಲ್ಲ. ನನ್ನ ತಾಟಿನಲ್ಲಿ ಉಳ್ಳಾಗಡ್ಡಿ ಇರಲಿಲ್ಲ. ಆದರೆ ನಾನು ಉಳ್ಳಾಗಡ್ಡಿಯನ್ನು ಬಿಟ್ಟವನಲ್ಲ. ಇಲ್ಲದಿರುವುದಕ್ಕೂ ಬಿಟ್ಟಿರುವುದಕ್ಕೂ ನಡುವೆ ಇರುವ ಅಂತರವನ್ನು ಯಾವ ಅಡಿಗೆಯವನೂ ಡಬ್ಬಿಯಲ್ಲಿ ತುಂಬಿ ಕಳಿಸಲಾರ.

ವ್ರತವೆಂದರೆ ಕಷ್ಟಪಡುವುದು, ಕೇಳಿದೊಡನೆ ತಾಟು ಬರುವಾಗ ಅದರಲ್ಲಿ ವ್ರತವೇನು ಉಳಿಯಿತು ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಗಾಂಧಿಯವರು ೧೮೮೮ರಲ್ಲಿ ಲಂಡನ್ನಿಗೆ ಹೊರಟಾಗ, ಬೇಚರಜೀ ಸ್ವಾಮಿ ಎಂಬ ಜೈನ ಸಾಧುವಿನ ಮುಂದೆ, ಮದ್ಯ ಮಾಂಸ ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದರು. ಹಡಗಿನಲ್ಲಿ ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳುವುದಕ್ಕೂ ಸಂಕೋಚಪಟ್ಟು, ಬಹುಮಟ್ಟಿಗೆ ಮನೆಯಿಂದ ಒಯ್ದ ಸಿಹಿತಿಂಡಿ ಹಣ್ಣುಗಳನ್ನು ತಮ್ಮ ಕೋಣೆಯಲ್ಲಿಯೇ ತಿಂದರು. ಅಂದು ನಾಲ್ಕಕ್ಷರದ ಸಂಕೇತವೊಂದು ಇದ್ದು ಅವರಿಗೆ ಮೇಜಿನಲ್ಲಿಯೇ ಊಟ ಸಿಕ್ಕಿದ್ದರೆ ಅವರ ಆಣೆ ಹಗುರವಾಗುತ್ತಿರಲಿಲ್ಲ. ಮುಂದೆ ಲಂಡನ್ನಿನಲ್ಲಿ ಕೆಲವರು ತತ್ತಿ ಮಾಂಸವಲ್ಲವೆಂದು ವಾದಿಸಿದರು. ಗಾಂಧಿಯವರು ಕೆಲವು ದಿನ ತಿಂದು ಬಿಟ್ಟುಬಿಟ್ಟರು. ಏಕೆಂದರೆ ಆಣೆ ಮಾಡಿಸಿದ ತಾಯಿಯ ಮನಸ್ಸಿನಲ್ಲಿ ಮಾಂಸವೆಂಬ ಮಾತಿಗೆ ತತ್ತಿಯೂ ಸೇರಿತ್ತು. ಯಾದಿಯಲ್ಲಿ ಇಂದಿಗೂ ತತ್ತಿ ನಡೆಯುವ ಶಾಕಾಹಾರಕ್ಕೂ ನಡೆಯದ ಶಾಕಾಹಾರಕ್ಕೂ ಬೇರೆ ಬೇರೆ ಸಂಕೇತಗಳಿವೆ. ಆದರೆ ಗಾಂಧಿಯವರು ಅರ್ಥ ನೋಡಿದ್ದು ಯಾದಿಯಲ್ಲಲ್ಲ, ಪೋರಬಂದರದ ಒಬ್ಬ ಹೆಣ್ಣುಮಗಳ ಮನಸ್ಸಿನಲ್ಲಿ.

ಇಷ್ಟು ವಿಚಾರ ಮಾಡಿ ನಾನು ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಓಣಿಯ ಆಯಿ ಒಂದು ಸಂಜೆ ಮನೆಗೆ ಬಂದರು. ಎಪ್ಪತ್ತು ದಾಟಿದ ಜೈನ ಹೆಣ್ಣುಮಗಳು. ಅವರ ಯಜಮಾನರು ಇಲ್ಲಿಯ ಗಿರಣಿಯಲ್ಲಿ ದುಡಿದವರು. ಘಟಪ್ರಭೆ ೧೭೧ ಅಡಿ ಧುಮುಕುವ ಜಾಗದಲ್ಲಿ, ನೀರಿನ ಬಲವನ್ನು ನಂಬಿ ೧೮೮೫ರಲ್ಲಿ ಹುಟ್ಟಿದ ಗಿರಣಿ ಅದು. ಗಿರಣಿಯ ಊರಿನಲ್ಲಿ ಹೊತ್ತನ್ನು ಹೇಳುವುದು ಭೋಂಗಾ, ಸೂರ್ಯನಲ್ಲ. ಆದರೂ ಆಯಿ ಮದುವೆಯಾಗಿ ಬಂದ ವರ್ಷ, ಚಾತುರ್ಮಾಸಕ್ಕೆ ನಿಂತ ಮುನಿಗಳೊಬ್ಬರ ಮುಂದೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ವ್ರತ ಹಿಡಿದವರು. ಎರಡನೆಯ ಪಾಳಿ ಮುಗಿಸಿ ಬಂದ ಗಂಡನಿಗೆ ರಾತ್ರಿ ಬಡಿಸಿ, ತಾವು ಹಸಿದು ಮಲಗಿದ ದಿನಗಳು ಬಹಳ. ಈಗ ಅಮೇರಿಕೆಯಲ್ಲಿರುವ ಮಗ ಕರೆಸಿಕೊಳ್ಳುತ್ತಿದ್ದ. ಜೈನರ ಊಟವನ್ನೂ ಬರೆಸಿದ್ದ.

‘ಸರ, ನೀವು ಆ ಊಟಾ ಉಂಡೀರಂತ. ಖರೇನ ಅದರಾಗ ಏನೂ ಇರೂದಿಲ್ಲೇನ್ರಿ?’

ಚೇಷ್ಟೆಗಾಗಿ ಉಂಡ ಊಟ ಈಗ ಸಾಕ್ಷಿಯ ಕಟ್ಟೆ ಹತ್ತಿತು. ನಾನು ಏನು ಹೇಳಬೇಕು? ನನಗೆ ಉಳ್ಳಾಗಡ್ಡಿಯ ರುಚಿ ಸಿಕ್ಕಿರಲಿಲ್ಲ. ಆದರೆ ಮೂವತ್ತೈದು ಸಾವಿರ ಅಡಿ ಮೇಲೆ ಮಂಕಾದ ನಾಲಗೆ, ಅದೂ ಜೀವಮಾನವೆಲ್ಲ ಉಳ್ಳಾಗಡ್ಡಿ ತಿಂದ ನಾಲಗೆ, ಇನ್ನೊಬ್ಬರ ಐವತ್ತು ವರ್ಷದ ವ್ರತಕ್ಕೆ ಹೊಣೆ ನಿಲ್ಲಬಲ್ಲುದೆ? ‘ಆಯಿ, ಚೀಟಿಯೊಳಗ ಹಂಗ ಬರದಿರ್ತಾರ್ರಿ. ನನಗೂ ಏನೂ ಹತ್ತಲಿಲ್ಲ. ಅದಕಿಂತ ಹೆಚ್ಚು ನನಗ ಹೇಳಾಕ ಬರೂದಿಲ್ಲ’ ಎಂದೆ.

ಅವರಿಗೆ ಅಷ್ಟು ಸಾಕಾಯಿತು. ಆದರೆ ಮುಂದಿನ ಪ್ರಶ್ನೆ ಯಾದಿ ಮಾಡಿದ ಪಂಡಿತರಿಗೂ ಹೊಳೆದಿರಲಾರದು.

‘ಮತ್ತ ಹೊತ್ತು ಮುಣಗೂದ್ರಾಗ ಕೊಡತಾರೇನ್ರಿ?’

ಕೊಡುವುದಿಲ್ಲ. ಮುಂಬಯಿಯಿಂದ ನಡುರಾತ್ರಿ ದಾಟಿದ ಮೇಲೆ ಹಾರುವ ವಿಮಾನದಲ್ಲಿ ಒಂದೆರಡು ಗಂಟೆಯೊಳಗೆ ಊಟ ಬರುತ್ತದೆ, ಜೈನರ ಚೀಟಿ ಅಂಟಿಸಿಕೊಂಡೇ ಬರುತ್ತದೆ. ಗಡ್ಡೆಯನ್ನು ತೆಗೆದವರು ಕತ್ತಲೆಯನ್ನು ತೆಗೆದಿಲ್ಲ. ಆಯಿಗೆ ವ್ರತ ಕೊಟ್ಟ ಮುನಿಗಳು ಈಗಿಲ್ಲ. ಇದ್ದಿದ್ದರೂ ಅವರು ವಾಹನ ಹತ್ತದವರು. ಹಾರುವ ಮನೆಯಲ್ಲಿ ಯಾವ ಊರಿನ ಸೂರ್ಯನನ್ನು ಲೆಕ್ಕಕ್ಕೆ ಹಿಡಿಯಬೇಕು, ಹೊರಟ ಊರಿನದೋ, ಮುಟ್ಟುವ ಊರಿನದೋ, ಕಿಡಕಿಯಲ್ಲಿ ಕಾಣುವುದೋ? ನನ್ನನ್ನೇ ಕೇಳಿದರು. ಕಾಣುವ ಸೂರ್ಯನೇ ಸೂರ್ಯ ಎಂದು ನನ್ನ ಬುದ್ಧಿಗೆ ತೋಚಿದ್ದನ್ನು ಹೇಳಿದೆ. ಅದೂ ಹೌದೆಂದರು. ಆದರೂ ಹಾಲಿನಲ್ಲಿ ನಾದಿದ ದಶಮಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕರದಂಟು ಕಟ್ಟಿಕೊಂಡೇ ಹೋದರು. ನೀರು ಸೋಕದ ದಶಮಿ ದಾರಿಯಲ್ಲಿಯೂ ಮಡಿಗೆ ನಡೆಯುತ್ತದೆಂದು ನಮ್ಮ ಕಡೆಯ ಹಳಬರ ನಂಬಿಕೆ. ಆ ಕಾಲದ ವಿಶೇಷ ಊಟ ಅದೇ.

ಮುಟ್ಟಿದ ಮೇಲೆ ಫೋನು ಮಾಡಿ ಎಲ್ಲ ಹೇಳಿದರು. ರಾತ್ರಿ ಬಂದ ತಾಟನ್ನು ತೆರೆಯಲಿಲ್ಲ. ಯುರೋಪಿನಿಂದ ಮುಂದೆ ವಿಮಾನ ಪಶ್ಚಿಮಕ್ಕೆ ಹೊರಟಾಗ ಹಗಲು ಹಿಗ್ಗಿತು. ಹತ್ತು ಗಂಟೆ ಸೂರ್ಯ ಮುಳುಗಲೇ ಇಲ್ಲ. ಆದರೆ ಜನರಿಗೆ ನಿದ್ದೆ ಬರಲೆಂದು ಕಿಡಕಿಗಳನ್ನೆಲ್ಲ ಮುಚ್ಚಿಸಿದರು. ಆಯಿ ನಾಲ್ಕು ಬೆರಳಷ್ಟು ಸಂದಿ ಉಳಿಸಿಕೊಂಡು, ಬೆಳಕು ತಾಟಿನ ಮೇಲೆ ಬೀಳುವಂತೆ ಹಿಡಿದುಕೊಂಡು ಉಂಡರು.

ಇಷ್ಟಾದರೂ ಅವರಿಗೆ ಸಮಾಧಾನವಿರಲಿಲ್ಲ. ‘ಸರ, ನಾ ತೆರೀಲಿಲ್ಲಲಾ, ಆ ತಾಟು ಯಾರಿಗಾದರೂ ಕೊಡತಾರೇನ್ರಿ?’ ಇಲ್ಲವೆಂಬುದು ನನಗೆ ಗೊತ್ತಿತ್ತು. ಹೊರದೇಶದಿಂದ ಬಂದ ವಿಮಾನದ ಉಳಿದ ಅನ್ನವನ್ನು, ದನಕರುಗಳ ರೋಗ ಹರಡೀತೆಂಬ ಭಯದಿಂದ, ಅನೇಕ ದೇಶಗಳಲ್ಲಿ ಕಾಯಿದೆಯ ಪ್ರಕಾರ ಸುಡುತ್ತಾರೆ, ಇಲ್ಲವೆ ಹೂಳುತ್ತಾರೆ. ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ನನ್ನ ಹೆಸರಿಲೆ ಬೇಯಿಸಿದ್ದು ಸುಟ್ಟು ಹೋತಲ್ರಿ.’

ದಿಗಂಬರ ಮುನಿಗಳು ತಮಗಾಗಿ ಬೇಯಿಸಿದ ಅನ್ನವನ್ನು ಒಲ್ಲರು. ಉದ್ದಿಷ್ಟ ಆಹಾರವೆಂದು ಅದಕ್ಕೆ ಹೆಸರು. ದಿನಕ್ಕೊಮ್ಮೆ, ನಿಂತು, ಬೊಗಸೆಯಲ್ಲಿ ಉಣ್ಣುವ ಅವರು, ಇಂಥ ಗುರುತು ಕಂಡರೆ ಮಾತ್ರ ಇಂದು ಆಹಾರವೆಂದು ಮನಸ್ಸಿನಲ್ಲಿ ಸಂಕಲ್ಪಿಸಿ ಹೊರಡುತ್ತಾರೆ. ಆ ಸಂಕಲ್ಪವನ್ನು ಯಾರಿಗೂ ಹೇಳುವುದಿಲ್ಲ, ಕೂಡಿಬರದಿದ್ದರೆ ಉಪವಾಸ. ಹೇಳಿದರೆ ಒಲೆ ಹೊತ್ತುತ್ತದೆ, ಬೆಂಕಿ ನೀರು ಧಾನ್ಯಗಳಲ್ಲಿಯ ಜೀವಗಳ ಹೊಣೆ ತಮಗೆ ಬರುತ್ತದೆ ಎಂಬುದು ಅದರ ಮರ್ಮ. ಗೃಹಸ್ಥರಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಆದರೂ ೨೪ ಗಂಟೆ ಮೊದಲು ಹೆಸರು ಬರೆಸಿ, ವ್ರತಕ್ಕಾಗಿಯೇ ಅದನ್ನು ಮುಟ್ಟದೆ ಬಿಟ್ಟು, ಅನ್ನವನ್ನು ಬೆಂಕಿಗೆ ಕಳಿಸಿದ ಸಂಕಟ ಆಯಿಯದು. ನಾನು ವ್ರತವಿಲ್ಲದೆ ಉಂಡೆ, ತಾಟು ತೊಳೆದಂತೆ ಬರಿದಾಯಿತು. ಅವರು ವ್ರತವಿದ್ದು ಉಣ್ಣಲಿಲ್ಲ, ತಾಟು ಹಾಳಾಯಿತು. ಗುಜರಾತಿ ಹಿರಿಯರ ಲೆಕ್ಕದಲ್ಲಿ ನನ್ನ ಖಾತೆಯೇ ಮೇಲಾಗುತ್ತದೆ. ಆ ಲೆಕ್ಕ ಎಲ್ಲಿಯೋ ತಪ್ಪಿದೆ ಎಂದು ನನಗೆ ಖಾತ್ರಿಯುಂಟು. ಎಲ್ಲಿ ಎಂದು ತೋರಿಸುವುದು ಮಾತ್ರ ಅಂದುಕೊಂಡಷ್ಟು ಸುಲಭವಾಗಿಲ್ಲ.

ಬರುವ ತಿಂಗಳು ಆಯಿ ಹಿಂದಿರುಗುತ್ತಾರೆ. ಸಂಜೆ ಹೊರಡುವ ವಿಮಾನ, ಪೂರ್ವದ ದಾರಿ. ಸೂರ್ಯ ಎದುರಿನಿಂದ ಬೇಗ ಬಂದು ಬೇಗ ಹೋಗುತ್ತಾನೆ. ‘ಮೊದಲನೇ ಊಟ ಬ್ಯಾಡ, ಬೆಳಕು ಹರದಮ್ಯಾಗ ಕೊಡೂದಷ್ಟ ಇರಲಿ ಅಂತ ಬರೀರಿ ಸರ’ ಎಂದು ಹೇಳಿದ್ದಾರೆ. ಯಾದಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ಅಂಥ ಸಂಕೇತವಿಲ್ಲ. ಕಂಪನಿಗೆ ಬೇರೆಯಾಗಿ ಒಂದು ಪತ್ರ ಬರೆದಿದ್ದೇನೆ.